ಶೆಲ್ಯಾಕ್ ಕೇಳಲು ಕೂರುವವರಿಗೆ: ಡ್ರಮ್ಮಿನಿಂದ ಆರಂಭಿಸಿ

ಕರ್ಕಶ ಸದ್ದನ್ನೇ ಮುಂದಿಡುವ ನಾಯ್ಸ್ ರಾಕ್ ಪ್ರಕಾರಕ್ಕೆ ಹೊಸಬರಾದವರು ಶಿಕಾಗೋದ ಶೆಲ್ಯಾಕ್ ತಂಡದ ಹಾಡೊಂದನ್ನು ಹಾಕಿ ಎರಡನೆಯ ನಿಮಿಷಕ್ಕೇ ನಿಲ್ಲಿಸಿಬಿಡುವುದುಂಟು. ಗಿಟಾರ್ ತಗಡನ್ನು ಗೀಚಿದಂತೆ ಕೇಳಿಸುತ್ತದೆ, ಗಾಯಕ ಹಾಡುವುದಕ್ಕಿಂತ ಹೆಚ್ಚಾಗಿ ಮಾತನಾಡುತ್ತಾನೆ ಇಲ್ಲವೇ ಕೂಗುತ್ತಾನೆ, ಗುನುಗಿಕೊಳ್ಳಲು ಒಂದು ರಾಗವೂ ಸಿಗುವುದಿಲ್ಲ. ನನಗೂ ಹೀಗೆಯೇ ಆಗಿತ್ತು. ಗಿಟಾರಿನ ಬೆನ್ನು ಹತ್ತಿದ್ದೇ ನನ್ನ ತಪ್ಪು ಎಂಬುದು ಹೊಳೆಯಲು ಬಹಳ ದಿನಗಳು ಬೇಕಾದವು. ಈ ಸಂಗೀತದ ಕರ್ಕಶತೆ ಕೋಪದಿಂದ ಹುಟ್ಟಿದ್ದಲ್ಲ; ಮೂರು ವಾದ್ಯಗಳ ನಡುವೆ ಏನನ್ನೂ ಮುಚ್ಚಿಡಬಾರದೆಂಬ ಹಟದಿಂದ ಹುಟ್ಟಿದ್ದು. ಅದನ್ನು ಮನಗಾಣಿಸುವಂತೆ ಕೇಳುವ ಒಂದು ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಮೂವರ ಪರಿಚಯವಿರಲಿ. 1992ರಲ್ಲಿ ರೂಪುಗೊಂಡ ಈ ತಂಡದಲ್ಲಿ ಸ್ಟೀವ್ ಆಲ್ಬಿನಿ ಗಿಟಾರ್ ನುಡಿಸಿ ಹಾಡುತ್ತಿದ್ದರು, ಬಾಬ್ ವೆಸ್ಟನ್ ಬೇಸ್ ಗಿಟಾರ್ ನುಡಿಸುತ್ತ ಅಲ್ಲಲ್ಲಿ ದನಿಗೂಡಿಸುತ್ತಿದ್ದರು, ಟಾಡ್ ಟ್ರೇನರ್ ಡ್ರಮ್ ಬಾರಿಸುತ್ತಿದ್ದರು. ಆಲ್ಬಿನಿಯವರ ಹಿಂದಿನ ತಂಡಗಳಲ್ಲೊಂದಾದ ಬಿಗ್ ಬ್ಲ್ಯಾಕ್‌ನಲ್ಲಿ ತಾಳದ ಹೊಣೆ ಹೊತ್ತಿದ್ದು ಯಂತ್ರ. ಆ ಜಾಗಕ್ಕೆ ಶೆಲ್ಯಾಕ್‌ನಲ್ಲಿ ಮನುಷ್ಯ ಬಂದದ್ದೇ ಅಲ್ಲದೆ, ವೇದಿಕೆಯ ಮೇಲೆ ಡ್ರಮ್ ಸೆಟ್ ಹಿಂಬದಿಯಿಂದ ಮುಂದಕ್ಕೂ ಬಂದಿತು. ಟ್ರೇನರ್ ನಟ್ಟನಡುವೆ ಕುಳಿತಿರುತ್ತಿದ್ದರು, ಉಳಿದಿಬ್ಬರು ಅವರ ಎಡಬಲಕ್ಕೆ ನಿಲ್ಲುತ್ತಿದ್ದರು. ತಂಡದ ಸ್ವಭಾವವನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಸಿಕ್ಕಿಲ್ಲ.

ಕೇಳುವ ಮುನ್ನ ನಿಮ್ಮ ಫೋನ್ ಅಥವಾ ಸ್ಪೀಕರಿನಲ್ಲಿ ಬೇಸ್ ಹೆಚ್ಚಿಸುವ ಸೌಲಭ್ಯವಿದ್ದರೆ ಅದನ್ನು ತೆಗೆದುಹಾಕಿ. ಎಲ್ಲ ಹಾಡುಗಳ ಶಬ್ದಮಟ್ಟವನ್ನು ತಾನಾಗಿ ಸರಿದೂಗಿಸುವ ಆಯ್ಕೆಯನ್ನೂ ನಿಲ್ಲಿಸಿಡಿ. ಮೆತ್ತನೆಯ ಭಾಗಕ್ಕೂ ಜೋರಾದ ಭಾಗಕ್ಕೂ ಇರುವ ಅಂತರವೇ ಈ ಧ್ವನಿಮುದ್ರಣಗಳ ಜೀವಾಳ. ಸ್ಪೀಕರ್ ಇದ್ದರೆ ಹೆಡ್‌ಫೋನಿಗಿಂತ ಅದೇ ಮೇಲು.

1994ರ ಮೊದಲ ಆಲ್ಬಮ್ ಆಟ್ ಆಕ್ಷನ್ ಪಾರ್ಕ್‌ನಿಂದ ಹೊರಡಿ. ಮೊದಲ ಸಲ ಡ್ರಮ್ಮನ್ನು ಮಾತ್ರ ಹಿಂಬಾಲಿಸಿ, ಉಳಿದುದು ಕಿವಿಗೆ ಬಿದ್ದಷ್ಟು ಬೀಳಲಿ. ಸೆಟ್ಟಿನಲ್ಲಿ ಚುರುಕು ಸದ್ದು ಕೊಡುವ ಸ್ನೇರ್ ಡ್ರಮ್ಮಿನ ಮೇಲೆ ಬೀಳುವ ಒಂದು ಪೆಟ್ಟನ್ನು ಹತ್ತಿರದಿಂದ ಗಮನಿಸಿದರೆ, ಕಡ್ಡಿ ತಗಲಿದ ಒಣ ಸದ್ದು ಮೊದಲು ಕೇಳಿಸಿ, ಅದರ ಬೆನ್ನಿಗೇ ಕೋಣೆಯ ಗೋಡೆಗಳು ಮರಳಿಸಿದ ಸದ್ದು ಸಣ್ಣ ನೆರಳಿನಂತೆ ಬರುವುದು ತಿಳಿಯುತ್ತದೆ. ವೃತ್ತಿಯಿಂದ ಧ್ವನಿಮುದ್ರಣಕಾರರಾಗಿದ್ದ ಆಲ್ಬಿನಿ, ಡ್ರಮ್ಮಿನ ಹತ್ತಿರದ ಮೈಕುಗಳ ಜೊತೆಗೆ ಕೋಣೆಯಲ್ಲಿ ದೂರಕ್ಕೂ ಮೈಕುಗಳನ್ನಿಟ್ಟು, ದೂರದ ಸದ್ದನ್ನು ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ತಡವಾಗಿ ಸೇರಿಸುವ ವಿಧಾನಕ್ಕೆ ಹೆಸರಾಗಿದ್ದರು. ಕೃತಕ ಪ್ರತಿಧ್ವನಿಯನ್ನು ಬಳಿಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ: ಇಲ್ಲಿ ಕೋಣೆ ನಿಜ, ಪೆಟ್ಟು ನಿಜ, ಕೇಳುವವರು ಅದೇ ಕೋಣೆಯಲ್ಲಿ ನಿಂತಂತಿರುತ್ತಾರೆ.

ಎರಡನೆಯ ಸಲ ಬೇಸ್ ಹಿಡಿಯಿರಿ. ಸಾಮಾನ್ಯ ರಾಕ್ ಹಾಡಿನಲ್ಲಿ ಗಿಟಾರ್ ಮಾಡುವ ಕೆಲಸವನ್ನು ಇಲ್ಲಿ ವೆಸ್ಟನ್ ಅವರ ಬೇಸ್ ಮಾಡುತ್ತದೆ. ಹಾಡಿನ ಬೆನ್ನುಮೂಳೆ ಅದೇ. ಅದರ ಸದ್ದು ದುಂಡಗಲ್ಲ, ಒರಟು. ಅದು ನುಡಿಸುವ ತುಣುಕನ್ನು ಬೆರಳುಗಳ ಮೇಲೆ ಎಣಿಸುತ್ತ ಹೋದರೆ, ನಾಲ್ಕಕ್ಕೆ ಮುಗಿಯಬೇಕಾದದ್ದು ಎಷ್ಟೋ ಕಡೆ ಮುಗಿಯದೆ ಒಂದು ಎಣಿಕೆ ಉಳಿಯುತ್ತದೆ, ಇಲ್ಲವೇ ಒಂದು ಮೊದಲೇ ತಿರುಗಿಬಿಡುತ್ತದೆ. ಎಣಿಕೆ ತಪ್ಪಿತೆಂದು ಬೇಸರಪಡಬೇಡಿ, ಮತ್ತೆ ಮೊದಲಿನಿಂದ ಎಣಿಸಿ. ಈ ಅಭ್ಯಾಸಕ್ಕೆ 1998ರ ಟೆರಾಫಾರ್ಮ್ ಆಲ್ಬಮ್ಮಿನ ಮೊದಲ ಹಾಡು ಬಹಳ ಒಳ್ಳೆಯದು. 12 ನಿಮಿಷಕ್ಕೂ ಹೆಚ್ಚು ಕಾಲ ಬೇಸ್ ಮತ್ತು ಡ್ರಮ್ ಒಂದೇ ತುಣುಕನ್ನು ಹೆಚ್ಚುಕಡಿಮೆ ಬದಲಿಸದೆ ಹೊತ್ತು ನಡೆಯುತ್ತವೆ, ಗಿಟಾರ್ ಬರುತ್ತದೆ, ಹೋಗುತ್ತದೆ. ಐದಾರು ನಿಮಿಷಗಳ ಬಳಿಕ ನಿಮ್ಮ ಕಿವಿ ಹೊಸದನ್ನು ಬಯಸುವುದನ್ನು ಬಿಟ್ಟು ಇರುವುದನ್ನೇ ನೋಡತೊಡಗುತ್ತದೆ. ಶೆಲ್ಯಾಕ್ ಕೇಳುವುದನ್ನು ನಾನು ಕಲಿತದ್ದು ಆ ಹಾಡಿನಿಂದ.

ಗಿಟಾರಿಗೆ ಬರಬೇಕಾದದ್ದು ಇದಾದ ಮೇಲೆ. ಆಲ್ಬಿನಿ ನುಡಿಸುತ್ತಿದ್ದ ಟ್ರಾವಿಸ್ ಬೀನ್ ಗಿಟಾರಿನ ಕತ್ತು ಅಲ್ಯೂಮಿನಿಯಮಿನದು. ತಂತಿ ಮೀಟಲು ಅವರು ಬಳಸುತ್ತಿದ್ದುದು ಲೋಹದ ಪಿಕ್. ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳದೆ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ಲೋಹ ತಂತಿಗೆ ತಗಲಿದಾಗ ಹೊಮ್ಮುವ ಚೂಪು ಸದ್ದನ್ನು ಅವರು ಮೃದುಗೊಳಿಸುವ ಗೋಜಿಗೆ ಹೋಗಲಿಲ್ಲ. ಸ್ವರಕ್ಕಿಂತ ತಂತಿಗೂ ಲೋಹಕ್ಕೂ ಆಗುವ ತಿಕ್ಕಾಟವೇ ಮುಂದಾಗಿ ಕೇಳಿಸುವುದರಿಂದ, ಈ ಗಿಟಾರನ್ನು ಇನ್ನೊಂದು ತಾಳವಾದ್ಯವೆಂದು ಭಾವಿಸಿ ಕೇಳಿದರೆ ಮೊದಲ ದಿನ ಗೀಚಿದಂತಿದ್ದದ್ದು ಮೆಲ್ಲನೆ ಅರ್ಥವಾಗುತ್ತದೆ. ಮೂವರೂ ಒಟ್ಟಿಗೆ ನಿಲ್ಲಿಸುವ ಕ್ಷಣಗಳನ್ನೂ ಕಾದು ಕೇಳಿ. ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ, ಯಾರೂ ಆ ಖಾಲಿ ಜಾಗವನ್ನು ತುಂಬಲು ಅವಸರಪಡುವುದಿಲ್ಲ.

ಸಾಹಿತ್ಯದ ವಿಷಯದಲ್ಲಿ ಎಚ್ಚರ ಬೇಕು. ಹಾಡುಗಳಲ್ಲಿ ಮಾತನಾಡುವವನು ಬಹುಪಾಲು ಒಂದು ಪಾತ್ರ. 2000ದ 1000 ಹರ್ಟ್ಸ್ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಒಬ್ಬ ಗಂಡಸು ತನ್ನನ್ನು ಬಿಟ್ಟುಹೋದ ಹೆಂಗಸಿನ ಮತ್ತು ಅವಳ ಜೊತೆಗಿರುವವನ ಸಾವನ್ನು ದೇವರಲ್ಲಿ ಬೇಡುತ್ತಾನೆ. ಆ ಬೇಡಿಕೆಯ ನೀಚತನವನ್ನು ಹಾಡು ತೆರೆದಿಡುತ್ತದೆಯೇ ಹೊರತು ಮೆಚ್ಚುವುದಿಲ್ಲ ಎಂದು ನಾನು ಓದಿಕೊಂಡಿದ್ದೇನೆ. ಕೇಳಲಾಗದಿದ್ದರೆ ಬಿಟ್ಟು ಮುಂದೆ ಹೋಗುವುದು ತಪ್ಪಲ್ಲ. ಎಳೆಯ ವಯಸ್ಸಿನಲ್ಲಿ ಕೆಣಕುವುದಕ್ಕಾಗಿಯೇ ಆಡಿದ, ಬರೆದ ಮಾತುಗಳ ಹೊಣೆಯನ್ನು 2021ರಲ್ಲಿ ಆಲ್ಬಿನಿ ಬಹಿರಂಗವಾಗಿ ಹೊತ್ತುಕೊಂಡರು. ಅದನ್ನು ತಿಳಿದು ಕೇಳುವುದು ಒಳ್ಳೆಯದು. 2007ರ ಎಕ್ಸಲೆಂಟ್ ಇಟಾಲಿಯನ್ ಗ್ರೇಹೌಂಡ್‌ನ ಮೊದಲ ಹಾಡಿನಲ್ಲಿ ಜಗತ್ತಿನ ಕೊನೆಯ ರೇಡಿಯೋ ಉದ್ಘೋಷಕನೊಬ್ಬ ಕೇಳುವವರೇ ಇಲ್ಲದ ಗಾಳಿಗೆ ಮಾತನಾಡುತ್ತಾನೆ. ಇಷ್ಟು ಕಡಿಮೆ ಸದ್ದಿನಲ್ಲಿ ಇಷ್ಟು ಒಂಟಿತನವನ್ನು ಹಿಡಿದ ರಾಕ್ ಹಾಡುಗಳು ವಿರಳ.

ಸಂಗೀತ ಕಿವಿಗೆ ಹೊಂದಿದ ಮೇಲೆ ನೇರ ಕಾರ್ಯಕ್ರಮಗಳ ದಾಖಲೆಗಳನ್ನು ನೋಡಿ. ಹಾಡುಗಳ ನಡುವೆ ವೆಸ್ಟನ್ ಸಭಿಕರಿಂದ ಪ್ರಶ್ನೆಗಳನ್ನು ಕೇಳಿ ಉತ್ತರಿಸುತ್ತಾರೆ. ಕರ್ಕಶವಾದ ಹಾಡೊಂದು ಮುಗಿದ ಮರುಕ್ಷಣವೇ ಸಲುಗೆಯ ಮಾತು ಶುರುವಾಗುತ್ತದೆ. ಎರಡರ ಹಿಂದೆಯೂ ಇರುವುದು ಒಂದೇ ನೇರವಂತಿಕೆ. 1993ರಲ್ಲಿ ನಿರ್ವಾಣ ತಂಡದ ಆಲ್ಬಮ್ ಧ್ವನಿಮುದ್ರಿಸುವ ಮುನ್ನ ಮಾರಾಟದಲ್ಲಿ ಪಾಲು ಬೇಡ, ಕೊಳಾಯಿ ಕೆಲಸದವನಿಗೆ ಕೊಡುವಂತೆ ಮಾಡಿದ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು ಎಂದು ಆಲ್ಬಿನಿ ಬರೆದದ್ದೂ ಅದೇ ಸ್ವಭಾವದಿಂದ.

ಟು ಆಲ್ ಟ್ರೇನ್ಸ್ ಆಲ್ಬಮ್ಮನ್ನು ಕೊನೆಗೆ ಉಳಿಸಿಕೊಳ್ಳಿ. ಆಲ್ಬಿನಿ 2024ರ ಮೇ 7ರಂದು 61ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲೇ ಸಿದ್ಧವಾಗಿದ್ದ ಈ ಆಲ್ಬಮ್ ಹತ್ತು ದಿನಗಳ ನಂತರ ಹೊರಬಂದಿತು. ಅರ್ಧ ಗಂಟೆಯೂ ಇಲ್ಲದ ಇದನ್ನು ಒಂದೇ ಬಾರಿಗೆ, ನಡುವೆ ಎದ್ದುಹೋಗದೆ ಕೇಳಿ. ನರಕಕ್ಕೆ ಅಂಜುವುದಿಲ್ಲವೆನ್ನುವ ಕೊನೆಯ ಹಾಡು ಬಂದಾಗ, ದನಿಯನ್ನು ಬಿಟ್ಟು ಮತ್ತೆ ಟ್ರೇನರ್ ಅವರ ಸ್ನೇರ್ ಹಿಡಿಯಿರಿ.