ಫ್ರೈಬುರ್ಗ್‌ನಲ್ಲಿ ನನ್ನ ಕೊನೆಯ ಹದಿನಾಲ್ಕು ದಿನ

ಜುಲೈ ಮೊದಲ ವಾರದಲ್ಲಿ ನನ್ನ ಮೇಜಿನ ಮೇಲೆ ಒಂದು ಪಟ್ಟಿ ಇತ್ತು. ಸ್ಟ್ರಾಸ್‌ಬುರ್ಗ್, ಕೊಲ್ಮಾರ್, ಬಾಸೆಲ್, ಜ್ಯೂರಿಕ್, ಸಾಧ್ಯವಾದರೆ ಪ್ಯಾರಿಸ್. ಜರ್ಮನಿಯ ನೈಋತ್ಯ ಮೂಲೆಯ ಫ್ರೈಬುರ್ಗ್‌ಗೆ ವಿನಿಮಯ ವಿದ್ಯಾರ್ಥಿಯಾಗಿ ಒಂದು ಸೆಮಿಸ್ಟರ್ ಓದಲು ಬಂದಿದ್ದೆ. ಉಳಿದಿದ್ದದ್ದು ಮೂರೇ ವಾರ. ಫ್ರಾನ್ಸ್, ಸ್ವಿಟ್ಜರ್‌ಲೆಂಡ್ ಎರಡರ ಗಡಿಯೂ ಅಲ್ಲಿಂದ ಹತ್ತಿರ. ಇಷ್ಟು ಸಮೀಪ ಇದ್ದು ನೋಡದೆ ಮರಳುವುದುಂಟೇ ಎಂದು ಎಲ್ಲರೂ ಕೇಳುತ್ತಿದ್ದರು. ಆದರೆ ಆ ಪಟ್ಟಿಯ ಮೇಲೆ ಕಣ್ಣು ಬಿದ್ದಾಗಲೆಲ್ಲ ಉತ್ಸಾಹ ಹುಟ್ಟುವ ಬದಲು ಉಸಿರು ಕಟ್ಟಿದಂತಾಗುತ್ತಿತ್ತು. ಒಂದು ಸಂಜೆ ಅದನ್ನು ಮಡಚಿ ಡ್ರಾಯರ್‌ಗೆ ಹಾಕಿದೆ. ಕೊನೆಯ ಹದಿನಾಲ್ಕು ದಿನ ಹೊಸ ಊರು ಒಂದೂ ಬೇಡ, ಈ ತಿಂಗಳುಗಳಲ್ಲಿ ನನ್ನ ದಿನಚರಿಯಾಗಿ ಹೋದದ್ದನ್ನೇ ಮತ್ತೊಮ್ಮೆ ಗಮನವಿಟ್ಟು ಮಾಡುತ್ತೇನೆ ಎಂದು ನಿಶ್ಚಯಿಸಿದೆ. ಇಡೀ ಸೆಮಿಸ್ಟರಿನಲ್ಲಿ ನಾನು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಅದು.

ಹಾಗೆ ನಿಶ್ಚಯಿಸಿದ ಮೇಲೆ ಮೊದಲು ಕೈಹಾಕಿದ್ದು ಕಾಗದಪತ್ರಗಳಿಗೆ. ಮನಸ್ಸಿನ ಮೂಲೆಯಲ್ಲಿ ಬಾಕಿ ಕೆಲಸ ಕುಳಿತಿದ್ದರೆ ನದಿ ದಂಡೆಯಲ್ಲಿ ಕುಳಿತರೂ ನದಿ ಕಾಣುವುದಿಲ್ಲ. ಜರ್ಮನಿ ಬಿಟ್ಟು ಹೋಗುವವರು ನಗರ ಕಚೇರಿಯಲ್ಲಿ ವಿಳಾಸದ ನೋಂದಣಿಯನ್ನು ರದ್ದು ಮಾಡಿಸಬೇಕು. ಇದಕ್ಕೆ ಅಬ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಬಿಡುವ ದಿನಕ್ಕಿಂತ ಒಂದು ವಾರ ಮುಂಚೆಯಿಂದ, ಬಿಟ್ಟ ಮೇಲೆ ಎರಡು ವಾರದೊಳಗೆ ಇದನ್ನು ಮಾಡಿಸಬಹುದು. ಆಗ ಕೊಡುವ ಪತ್ರವನ್ನು ಜೋಪಾನ ಮಾಡಬೇಕು, ಮುಂದೆ ಬೇರೆ ಒಪ್ಪಂದಗಳನ್ನು ಮುಗಿಸುವಾಗ ಅದನ್ನೇ ಕೇಳುತ್ತಾರೆ. ದೇಶವಿಡೀ ಓಡಾಡಲು ಕೊಂಡ ತಿಂಗಳ ರೈಲು ಚಂದಾ ತನ್ನಷ್ಟಕ್ಕೆ ತಾನೇ ನವೀಕರಣವಾಗುತ್ತದೆ. ಆ ತಿಂಗಳ ಕೊನೆಗೆ ನಿಲ್ಲಬೇಕಾದರೆ 10ನೇ ತಾರೀಖಿನೊಳಗೆ ರದ್ದು ಮಾಡಿರಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಅವಸರದಿಂದ ಮುಚ್ಚಬಾರದು, ಕೋಣೆಯ ಠೇವಣಿ ಹಣ ವಾಪಸ್ಸು ಬರುವುದು ನಾವು ಹೊರಟುಹೋದ ಎಷ್ಟೋ ದಿನಗಳ ಮೇಲೆ.

ಎಲ್ಲವನ್ನೂ ಬೇಗ ಮುಗಿಸುವ ಹುರುಪಿನಲ್ಲಿ ಒಂದು ಕಡೆ ಎಡವಿದೆ. ನಾನು ಇಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಓದಿದ್ದೇನೆ ಎಂಬ ಹಾಜರಾತಿ ಪತ್ರಕ್ಕೆ ಸಹಿ ಹಾಕಿಸಲು ಶುಕ್ರವಾರ ಬೆಳಿಗ್ಗೆ ಒಂದು ಕಚೇರಿಯ ಮುಂದೆ ಎರಡು ಗಂಟೆ ಕಾದೆ. ಹೊರಡುವ ದಿನ ಇನ್ನೂ ದೂರವಿದೆ, ಈಗಲೇ ಸಹಿ ಹಾಕಲು ಬರುವುದಿಲ್ಲ ಎಂದು ಹಿಂದಕ್ಕೆ ಕಳಿಸಿದರು. ಎಷ್ಟು ದಿನ ಮುಂಚೆ ಸಹಿ ಹಾಕುತ್ತಾರೆ ಎಂದು ಒಂದು ಇಮೇಲ್ ಕಳಿಸಿ ಕೇಳಿದ್ದರೆ ಆ ಬೆಳಿಗ್ಗೆ ಉಳಿಯುತ್ತಿತ್ತು. ಆ ಶುಕ್ರವಾರ ಕೈತಪ್ಪಿದ್ದು ನನಗೆ ಬಹಳ ನೋವಿನ ಸಂಗತಿ. ಕಾರಣ ಮುಂದೆ ಹೇಳುತ್ತೇನೆ.

ಅಲ್ಲಿಯತನಕ ದಿನ ಎಣಿಸುವುದನ್ನು ನಾನು ಬೇಕೆಂದೇ ತಪ್ಪಿಸುತ್ತಿದ್ದೆ. ಎಣಿಸಿದರೆ ದುಃಖ ಹೆಚ್ಚುತ್ತದೆ ಎಂದುಕೊಂಡಿದ್ದೆ. ಮನಶ್ಶಾಸ್ತ್ರಜ್ಞೆ ಜೇಮಿ ಕರ್ಟ್ಜ್ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಓದಿದ ಮೇಲೆ ಮನಸ್ಸು ಬದಲಾಯಿತು. ಪದವಿ ಮುಗಿಯಲು ಕೆಲವೇ ವಾರ ಉಳಿದಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ‘ಇನ್ನು ಸ್ವಲ್ಪವೇ ಸಮಯ ಇದೆ’ ಎಂಬಂತೆ, ಉಳಿದವರಿಗೆ ‘ಇನ್ನೂ ಬೇಕಾದಷ್ಟು ಸಮಯ ಇದೆ’ ಎಂಬಂತೆ ಯೋಚಿಸಿ ಬರೆಯಲು ಹೇಳಿದ್ದರು. ಉಳಿದ ಸಮಯ ಅಲ್ಪ ಎಂದುಕೊಂಡವರೇ ಹೆಚ್ಚು ಸಂತೋಷವಾಗಿದ್ದರು, ಕಾಲೇಜಿನ ಚಟುವಟಿಕೆಗಳಲ್ಲಿ ಹೆಚ್ಚಾಗಿ ಪಾಲ್ಗೊಂಡರು. ಮರುದಿನ ನಾನೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ದಿನಗಳ ಲೆಕ್ಕವಲ್ಲ, ಸಲಗಳ ಲೆಕ್ಕ. ಮಂಗಳವಾರದ ಸೆಮಿನಾರ್ ಇನ್ನು ಎರಡು ಸಲ. ಶನಿವಾರದ ಸಂತೆ ಒಂದು ಸಲ. ಸೈಕಲ್ಲಿನಲ್ಲಿ ವಿವಿಲಿ ಸೇತುವೆ ದಾಟುವುದು ಸುಮಾರು ಇಪ್ಪತ್ತು ಸಲ. ಹದಿನಾಲ್ಕು ದಿನ ಎಂದಾಗ ಏನೂ ಅನ್ನಿಸಿರಲಿಲ್ಲ. ಎರಡು ಮಂಗಳವಾರ ಎಂದಾಗ ಎದೆಗೆ ನಾಟಿತು.

ಆ ಎರಡು ಮಂಗಳವಾರಗಳನ್ನು ನಾನು ಚೆನ್ನಾಗಿ ಬಳಸಿಕೊಂಡೆ. ಜರ್ಮನ್ ವಿಶ್ವವಿದ್ಯಾಲಯಗಳ ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಪಾಠದ ಪಕ್ಕ ಕುಂ ಟೆಂಪೊರೆ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳಾದ c.t. ಇದ್ದರೆ, ಪಾಠ ಶುರುವಾಗುವುದು ಹತ್ತೂಕಾಲಿಗೆ. ಏಪ್ರಿಲ್‌ನಲ್ಲಿ ಇದು ತಿಳಿಯದೆ ಖಾಲಿ ಕೊಠಡಿಯಲ್ಲಿ ಒಬ್ಬಂಟಿಯಾಗಿ ಕುಳಿತು ಗಾಬರಿಯಾಗಿದ್ದೆ. ತಿಳಿದ ಮೇಲೆ ಆ ಕಾಲು ಗಂಟೆಯನ್ನು ನಿದ್ದೆಗೆ ಸೇರಿಸಿಕೊಂಡೆ. ಕೊನೆಯ ಎರಡು ವಾರ ಮತ್ತೆ ಹತ್ತಕ್ಕೆ ಸರಿಯಾಗಿ ಹೋದೆ. ಹಳೆಯ ಕಟ್ಟಡದ ಬಾಗಿಲಲ್ಲಿ ಹೋಮರ್ ಮತ್ತು ಅರಿಸ್ಟಾಟಲ್ ಪ್ರತಿಮೆಗಳಾಗಿ ಕುಳಿತಿದ್ದಾರೆ. ಅವರ ಕೆಳಗಿನ ಮೆಟ್ಟಿಲ ಮೇಲೆ ಹದಿನೈದು ನಿಮಿಷ ಸುಮ್ಮನೆ ಕೂರುತ್ತಿದ್ದೆ. ಸೈಕಲ್‌ಗೆ ಬೀಗ ಹಾಕುವ ಸದ್ದು, ಟ್ರಾಮಿನ ಗಂಟೆ, ಯಾರೋ ಯಾರನ್ನೋ ಕೂಗುವುದು. ಆ ಭಾಷೆ ಈಗ ನನಗೆ ಅರ್ಥವಾಗುತ್ತಿತ್ತು. ಏಪ್ರಿಲ್‌ನಲ್ಲಿ ಅದು ಬರೀ ಗದ್ದಲವಾಗಿತ್ತು ಎಂಬುದು ಹೊಳೆದದ್ದು ಅಲ್ಲಿ ಕುಳಿತಾಗಲೇ.

ಕೊನೆಯ ಸೆಮಿನಾರ್ ಮುಗಿದಾಗ ಪ್ರಾಧ್ಯಾಪಕರು ಭಾಷಣ ಮಾಡಲಿಲ್ಲ. ಟಿಪ್ಪಣಿ ಮಡಚಿ, ಒಳ್ಳೆಯ ಬೇಸಿಗೆ ನಿಮ್ಮದಾಗಲಿ ಎಂದರು. ಅಲ್ಲಿ ಪಾಠದ ಕೊನೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣುಗಳಿಂದ ಮೇಜು ಕುಟ್ಟುತ್ತಾರೆ. ಪ್ರತಿ ವಾರ ನಾಲ್ಕೈದು ಸೆಕೆಂಡು ಕೇಳುತ್ತಿದ್ದ ಸದ್ದು ಆ ದಿನ ನಿಲ್ಲಲೇ ಇಲ್ಲ. ಮರದ ಉದ್ದನೆಯ ಮೇಜಾದ್ದರಿಂದ ಆ ತುದಿಯವರು ಕುಟ್ಟಿದ್ದು ನನ್ನ ಮೊಣಕೈಗೆ ತಾಗುತ್ತಿತ್ತು. ಇಪ್ಪತ್ತು ಜನರ ಕೃತಜ್ಞತೆ ಮರದೊಳಗಿಂದ ನನ್ನ ಮೈಗೆ ಹರಿದು ಬಂದಂತಿತ್ತು. ಗೆಣ್ಣು ಕೆಂಪಾಗುವವರೆಗೆ ನಾನೂ ಕುಟ್ಟಿದೆ. ಆಮೇಲೆ ಅವರ ಬಳಿ ಹೋಗಿ, ಅವರು ನನ್ನ ಮೊದಲ ಪ್ರಬಂಧದ ಅಂಚಿನಲ್ಲಿ ಬರೆದಿದ್ದ ಒಂದು ಪ್ರಶ್ನೆಯಿಂದ ನನ್ನ ಓದಿನ ದಿಕ್ಕೇ ಬದಲಾಯಿತೆಂದು ಹೇಳಿದೆ. ಹೇಳಬೇಕಾದ ವಾಕ್ಯಗಳನ್ನು ಹಿಂದಿನ ರಾತ್ರಿ ಜರ್ಮನ್‌ನಲ್ಲಿ ಬರೆದು ಉರು ಹೊಡೆದಿದ್ದೆ. ಕೃತಜ್ಞತೆ ಇರುವವರಿಗೆ ಅದನ್ನು ಎದುರು ನಿಂತು, ಯಾವುದಕ್ಕಾಗಿ ಎಂದು ಸ್ಪಷ್ಟವಾಗಿ ಹೇಳಿಬಿಡಬೇಕು. ಊರಿಗೆ ಹೋಗಿ ಇಮೇಲ್ ಬರೆಯುತ್ತೇನೆ ಎಂದುಕೊಂಡವರು ಬರೆಯುವುದು ಅಪರೂಪ.

ಫೋಟೊಗಳ ವಿಷಯ. ಫೋನಿನಲ್ಲಿ ಆಗಲೇ ಮ್ಯುನ್‌ಸ್ಟರ್ ಚರ್ಚಿನ ಗೋಪುರದ ಚಿತ್ರಗಳು ತುಂಬಿದ್ದವು. 116 ಮೀಟರ್ ಎತ್ತರದ, 14ನೇ ಶತಮಾನದಲ್ಲೇ ಪೂರ್ಣಗೊಂಡ ಆ ಕಲ್ಲಿನ ಗೋಪುರ ಫ್ರೈಬುರ್ಗ್‌ನ ಎಷ್ಟೋ ಬೀದಿಗಳಿಂದ ಇಣುಕುತ್ತದೆ. ಅಮೆರಿಕದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಮ್ಯೂಸಿಯಂನಲ್ಲಿ ವಸ್ತುಗಳ ಇಡಿಯಾದ ಚಿತ್ರ ತೆಗೆದವರಿಗೆ ಬರಿಗಣ್ಣಿನಿಂದ ನೋಡಿದವರಿಗಿಂತ ನೆನಪು ಕಡಿಮೆ ಉಳಿಯಿತು. ಒಂದು ಭಾಗವನ್ನು ಮಾತ್ರ ಹತ್ತಿರಕ್ಕೆ ತಂದುಕೊಂಡು ತೆಗೆದವರಿಗೆ ಆ ನಷ್ಟ ಆಗಲಿಲ್ಲ. ಅದನ್ನೇ ನಿಯಮ ಮಾಡಿಕೊಂಡೆ. ದಿನಕ್ಕೆ ಒಂದು ಚಿತ್ರ, ಅದೂ ಅಂಗೈಯಗಲದ ವಸ್ತುವಿನದು.

ಈ ನಿಯಮ ನನ್ನನ್ನು ಗೋಪುರದಿಂದ ಕೆಳಗೆ, ಅದರ ಬುಡದ ಕಲ್ಲಿಗೆ ತಂದಿತು. ಚರ್ಚಿನ ಸುತ್ತ ಭಾನುವಾರ ಬಿಟ್ಟು ದಿನವೂ ಸಂತೆ ನಡೆಯುತ್ತದೆ. ಮುಖ್ಯ ದ್ವಾರದ ಬಳಿಯ ಗೋಡೆಯಲ್ಲಿ ಮಧ್ಯಯುಗದ ಅಳತೆಗಳನ್ನು ಕೆತ್ತಿದ್ದಾರೆ. ಬ್ರೆಡ್ಡಿನ ಗಾತ್ರ ಇಷ್ಟಿರಬೇಕು, ಧಾನ್ಯದ ಅಳತೆ ಇಷ್ಟು ಎಂದು. ಕೊಂಡವರಿಗೆ ಮೋಸವಾಗಿದೆ ಎನ್ನಿಸಿದರೆ ಬ್ರೆಡ್ಡನ್ನು ತಂದು ಕಲ್ಲಿಗೆ ಹಿಡಿದು ನೋಡಬಹುದಿತ್ತು. ಒಂದು ಬ್ರೆಡ್ಡಿನ ಗೆರೆಯ ಬಳಿ 1270 ಎಂದಿದೆ, ಇನ್ನೊಂದರ ಬಳಿ 1317 ಎಂದಿದೆ, ಎರಡರ ಗಾತ್ರವೂ ಒಂದೇ ಅಲ್ಲ. ಆ ಎರಡನೆಯದು ಬರದ ವರ್ಷ, ಯುರೋಪಿನ ಉತ್ತರ ಭಾಗವನ್ನು 1315ರಿಂದ 1317ರವರೆಗೆ ಮಹಾಕ್ಷಾಮ ಕಾಡಿತ್ತು. ನಾಲ್ಕು ತಿಂಗಳು ಆ ದ್ವಾರದ ಮುಂದೆ ಓಡಾಡಿದ್ದರೂ ನಾನು ಆ ಗೆರೆಗಳನ್ನು ಕಂಡಿರಲಿಲ್ಲ. ಕೆಂಪು ಮರಳುಗಲ್ಲು ಬಿಸಿಲಿಗೆ ಬೆಚ್ಚಗಿತ್ತು. ಗೆರೆಯ ಮೇಲೆ ಬೆರಳಾಡಿಸಿದರೆ ಅಂಚು ಸವೆದು ನುಣುಪಾಗಿತ್ತು. ಆ ದಿನದ ಚಿತ್ರ ಅದು. ಈಗಲೂ ಅದನ್ನು ತೆರೆದರೆ ಬೆರಳ ತುದಿಗೆ ಕಲ್ಲಿನ ಬಿಸಿ ನೆನಪಾಗುತ್ತದೆ.

ಇದೇ ಗೋಪುರದಲ್ಲಿ 1258ರಲ್ಲಿ ಎರಕ ಹೊಯ್ದ ಹೊಸಾನ್ನಾ ಎಂಬ ಗಂಟೆ ಇದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ಬಾರಿಸುತ್ತದೆ. ಮಧ್ಯಾಹ್ನದ ಅಡುಗೆಗೆ ನೀರು ಕಾಯಿಸಲು ಇಡಿ ಎಂದು ಅದು ನೆನಪಿಸುತ್ತದೆಂದು ಊರಿನವರು ಅದನ್ನು ಸ್ಪೆಟ್ಸ್‌ಲೆ ಗಂಟೆ ಎನ್ನುತ್ತಾರೆ. ಸ್ಪೆಟ್ಸ್‌ಲೆ ಎಂದರೆ ಅಲ್ಲಿನ ಮೊಟ್ಟೆಯ ನೂಡಲ್ಸ್. ಕಚೇರಿಯ ಸಾಲಿನಲ್ಲಿ ನಾನು ಕಳೆದುಕೊಂಡದ್ದು ಆ ಹನ್ನೊಂದು ಗಂಟೆಯನ್ನು. ಉಳಿದಿದ್ದದ್ದು ಒಂದೇ ಶುಕ್ರವಾರ, ಹೊರಡುವ ಹಿಂದಿನ ದಿನ. ಸೂಟ್‌ಕೇಸನ್ನು ಅರ್ಧಕ್ಕೆ ಬಿಟ್ಟು ಹೋದೆ. ಬೀದಿಯಂಚಿನಲ್ಲಿ ಹರಿಯುವ ಬೆಖ್ಲೆ ಎಂಬ ಸಣ್ಣ ನೀರಿನ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕುಳಿತೆ. ಗಂಟೆಯ ಮೊದಲ ಬಡಿತಕ್ಕೆ ಪಾರಿವಾಳಗಳು ಎದ್ದವು. ಹೂ ಮಾರುವ ಹೆಂಗಸು ತಲೆ ಎತ್ತಲಿಲ್ಲ. ಅವರಿಗೆ ಅದು ಪ್ರತಿ ಶುಕ್ರವಾರದ್ದು. ನನಗೂ ಅಷ್ಟೇ ಸಹಜವಾಗುವಷ್ಟು ಕಾಲ ಅಲ್ಲಿರಬೇಕಿತ್ತು ಎಂದು ಆಸೆಯಾಯಿತು.

ಮನೆಯ ಕಥೆ ಬೇರೆ. ಜರ್ಮನಿಯಲ್ಲಿ ಬೇಸಿಗೆ ಸೆಮಿಸ್ಟರ್ ಕಾಗದದ ಮೇಲೆ ಸೆಪ್ಟೆಂಬರ್ 30ರವರೆಗೂ ಇರುತ್ತದೆ. ಪಾಠ ಮುಗಿಯುವುದು ಜುಲೈ ಕೊನೆಗೆ. ಆದ್ದರಿಂದ ಎಲ್ಲರೂ ಒಟ್ಟಿಗೆ ವಿದಾಯ ಹೇಳುವ ಒಂದು ದಿನ ಎಂಬುದೇ ಇರುವುದಿಲ್ಲ. ವೊಬಾನ್ ಬಡಾವಣೆಯ ನಮ್ಮ ಮನೆಯ ಐದು ಕೋಣೆಗಳು ಒಂದೊಂದಾಗಿ ಖಾಲಿಯಾದವು. ಇದನ್ನು ಮೊದಲೇ ಊಹಿಸಿದವಳು ಎದುರು ಕೋಣೆಯ ಚಿಲಿಯ ಗೆಳತಿ. “ಪಾರ್ಟಿ ಕೊನೆಯ ದಿನ ಬೇಡ, ಎಲ್ಲರೂ ಇರುವಾಗಲೇ ಮಾಡೋಣ, ಆಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ” ಎಂದಳು. ಅವಳ ಮಾತು ಕೇಳಿದ್ದು ಒಳ್ಳೆಯದಾಯಿತು. ಹನ್ನೊಂದು ದಿನ ಮುಂಚೆಯೇ ಅಡುಗೆಮನೆಯಲ್ಲಿ ಐವರೂ ಸೇರಿ ಊಟ ಮಾಡಿ, ಆಗುಸ್ಟೀನರ್‌ಪ್ಲಾಟ್ಸ್ ಚೌಕದ ಮೆಟ್ಟಿಲುಗಳಿಗೆ ಹೋದೆವು. ಅಲ್ಲಿ ಒಂದು ದೀಪಸ್ತಂಭ ಇದೆ. ರಾತ್ರಿ ಹನ್ನೊಂದರ ಹೊತ್ತಿಗೆ ಅದು ಕೆಂಪಾಗುತ್ತದೆ, ಸುತ್ತಲಿನ ಮನೆಯವರು ಮಲಗಬೇಕು, ದನಿ ತಗ್ಗಿಸಿ ಎಂದು. ದೀಪ ಕೆಂಪಾದ ಮೇಲೆ ನಾವು ಪಿಸುದನಿಯಲ್ಲಿ ಮಾತಾಡಿದೆವು. ಇಡೀ ಸೆಮಿಸ್ಟರಿನ ಅತಿ ಒಳ್ಳೆಯ ಮಾತುಕತೆ ನಡೆದದ್ದು ಆ ಪಿಸುದನಿಯಲ್ಲೇ.

ಆಮೇಲಿನ ದಿನಗಳಲ್ಲಿ ಪ್ರತಿಯೊಬ್ಬರನ್ನೂ ಟ್ರಾಮ್ ನಿಲ್ದಾಣದವರೆಗೆ ಬಿಟ್ಟುಬಂದೆ. ಬರುವಾಗ ಅವರು ಬಿಟ್ಟುಹೋದ ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕುತ್ತಿದ್ದೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ 25 ಸೆಂಟ್, ಬಿಯರಿನ ಗಾಜಿನ ಬಾಟಲಿಗೆ 8 ಸೆಂಟ್ ಠೇವಣಿ ವಾಪಸ್ಸು ಬರುತ್ತದೆ. ಐವರ ಬಾಟಲಿಗಳ ಹಣದಿಂದ ಉಳಿದವರು ಐಸ್‌ಕ್ರೀಂ ತಿನ್ನಬೇಕೆಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಕೊನೆಗೆ ನಾನೊಬ್ಬನೇ ತಿಂದೆ.

ಒಂದು ದಿನ ಮಾತ್ರ ಊರು ಬಿಟ್ಟು ಹೊರಗೆ ಹೋದೆ, ಅದೂ ಹಿಂದೆ ಹೋಗಿದ್ದ ಜಾಗಕ್ಕೇ. 1284 ಮೀಟರ್ ಎತ್ತರದ ಶೌಯಿನ್ಸ್‌ಲಾಂಡ್ ಬೆಟ್ಟಕ್ಕೆ 1930ರಿಂದ ಓಡುತ್ತಿರುವ ತೂಗುಗಾಡಿ ಇದೆ, 3.6 ಕಿಲೊಮೀಟರ್ ಉದ್ದದ್ದು. ಏಪ್ರಿಲ್‌ನಲ್ಲಿ ಹೋದಾಗ ಮೇಲೆ ಬರೀ ಮಂಜು. ಈ ಸಲ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಗಾಳಿಗೆ ಒಂದೇ ಕಡೆಗೆ ಬಾಗಿ ಬೆಳೆದ ಬೀಚ್ ಮರಗಳ ಕೆಳಗೆ ನೆರಳಿತ್ತು. ಹೊಸ ಜಾಗಕ್ಕೆ ಹೋಗಿದ್ದರೆ ಇದು ಸಿಗುತ್ತಿರಲಿಲ್ಲ. ಒಂದೇ ಬೆಟ್ಟವನ್ನು ಎರಡು ಋತುಗಳಲ್ಲಿ ನೋಡಿದಾಗ, ನಾನು ಅಲ್ಲಿ ಪ್ರವಾಸಿಯಾಗಿ ಇರಲಿಲ್ಲ, ಬಾಳಿದ್ದೆ ಎಂಬುದಕ್ಕೆ ಸಾಕ್ಷಿ ಸಿಕ್ಕಂತಾಯಿತು.

ಸೈಕಲ್ಲನ್ನು ಮಾರುವುದಕ್ಕೆ ಮನಸ್ಸಿರಲಿಲ್ಲ. ಕೊಳ್ಳಲು ಬಂದ ಮೊದಲ ವರ್ಷದ ಹುಡುಗನಿಗೆ ಬೆಲೆಯಲ್ಲಿ ಇಳಿಸಿಕೊಟ್ಟು ಒಂದು ಷರತ್ತು ಹಾಕಿದೆ. ಹಣ ಈಗಲೇ ಕೊಡು, ಸೈಕಲ್ ಮಾತ್ರ ಶನಿವಾರ ಬೆಳಿಗ್ಗೆ, ನನ್ನ ರೈಲಿಗೆ ಅರ್ಧ ಗಂಟೆ ಮುಂಚೆ ವಿವಿಲಿ ಸೇತುವೆಯ ಮೇಲೆ ಸಿಗುತ್ತದೆ. ಅವನು ಒಪ್ಪಿದ. ನಿಕರಾಗುವಾ ದೇಶದ ಒಂದು ಊರಿನ ಹೆಸರು ಹೊತ್ತ ಆ ನೀಲಿ ಕಬ್ಬಿಣದ ಸೇತುವೆ ರೈಲು ನಿಲ್ದಾಣದ ಪಕ್ಕದಲ್ಲೇ ಹಳಿಗಳನ್ನು ದಾಟುತ್ತದೆ. ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ದಾಟುವ ಸೈಕಲ್‌ಗಳನ್ನು ಎಣಿಸಿ ತೋರಿಸುವ ಒಂದು ಫಲಕ ಅಲ್ಲಿದೆ. ಹೀಗೆ ಕೊನೆಯ ಬೆಳಿಗ್ಗೆಯವರೆಗೂ ಸೈಕಲ್ ನನ್ನ ಬಳಿಯೇ ಇತ್ತು. ಕೋಣೆಯ ಬೀಗದ ಕೈ ಒಪ್ಪಿಸಿದ ಮೇಲೂ ಡ್ರೈಸಾಮ್ ನದಿಯ ದಂಡೆಗುಂಟ ಒಂದು ಸುತ್ತು ಹೊಡೆದು ಬರಲು ಸಾಧ್ಯವಾಯಿತು.

ಶನಿವಾರ ಅವನು ಹೇಳಿದ ಸಮಯಕ್ಕೆ ಬಂದ. ಮೂರನೇ ಗೇರ್ ಜಾರುತ್ತದೆ, ಎರಡರಿಂದ ನೇರ ನಾಲ್ಕಕ್ಕೆ ಹಾಕು ಎಂದೆ. ಮಳೆ ಬಂದಾಗ ಹಿಂದಿನ ಬ್ರೇಕ್ ಸ್ವಲ್ಪ ಕೂಗುತ್ತದೆ, ಹೆದರಬೇಡ ಎಂದೆ. ಅವನು ಸೀಟನ್ನು ಎರಡು ಬೆರಳಿನಷ್ಟು ಎತ್ತರಿಸಿಕೊಂಡು, ಗಂಟೆ ಒಮ್ಮೆ ಬಾರಿಸಿ ನೋಡಿ, ಹೊರಟ. ಅವನು ಫಲಕವನ್ನು ದಾಟಿದಾಗ ಅದರ ಮೇಲಿನ ಅಂಕಿ ಒಂದು ಹೆಚ್ಚಿತು. ನಾನು ಸೂಟ್‌ಕೇಸ್ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಮೆಟ್ಟಿಲಿಳಿದೆ.