ನಾಯಿ ಇರುವ ಮನೆಗೆ ಕೃತಕ ಹುಲ್ಲು: ಮೊದಲು ತಿರುಗಿಸಿ ನೋಡಿ

ಅಂಗಡಿಯಲ್ಲಿ ಕೃತಕ ಹುಲ್ಲಿನ ಸ್ಯಾಂಪಲ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಮೇಲೆ ಸವರಿ ನೋಡುತ್ತಾರೆ. ಮೆತ್ತಗಿದೆಯಾ, ಹಸಿರು ಚೆನ್ನಾಗಿದೆಯಾ, ಅಷ್ಟೇ. ಮನೆಯಲ್ಲಿ ನಾಯಿ ಇದ್ದರೆ ಅದನ್ನು ತಿರುಗಿಸಿ ಬೆನ್ನು ನೋಡಿ. ನಾಯಿ ದಿನಾ ಹಲವು ಸಲ ಮೂತ್ರ ಮಾಡುವ ಜಾಗ ಅದು. ಆ ಮೂತ್ರ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಮೊದಲು ಕೇಳಬೇಕು. ಬಣ್ಣ, ಬೆಲೆ ಎಲ್ಲ ಆಮೇಲೆ.

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಅಂಗಳದಲ್ಲಿ ಬಿಸಿಲು ಎಷ್ಟು ಹೊತ್ತು, ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ನಿಜವಾದ ಹುಲ್ಲು ಎಲೆಯಿಂದ ನೀರನ್ನು ಆವಿ ಮಾಡಿ ತಂಪಾಗಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ದಾರಿಯೇ ಇಲ್ಲ. ನೇರ ಬಿಸಿಲಲ್ಲಿ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಅಷ್ಟಾದರೆ ನಾಯಿಯ ಪಾದ ಸುಡುತ್ತದೆ. ನೀರು ಹಾಕಿದರೆ ತಣ್ಣಗಾಗುತ್ತದೆ, ಸ್ವಲ್ಪ ಹೊತ್ತಲ್ಲೇ ಮತ್ತೆ ಕಾಯುತ್ತದೆ. ಸ್ಯಾಂಪಲ್ ತಂದು ಮಧ್ಯಾಹ್ನ ಎರಡು ಗಂಟೆಗೆ ಅದೇ ಜಾಗದಲ್ಲಿ ಅರ್ಧ ಗಂಟೆ ಇಡಿ, ಅದರ ಮೇಲೆ ಹಿಂಗೈ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡೋಕೆ ಆಗದಿದ್ದರೆ ಅಲ್ಲಿ ನೆರಳು ಬಲೆ ಹಾಕಿಸಿ, ಇಲ್ಲವೇ ಈ ಯೋಚನೆಯನ್ನೇ ಬಿಡಿ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಲ್ಲಿ ತೆರೆದ ಅಂಗಳಕ್ಕೆ ಇದು ಬೇಡ ಅಂತಲೇ ಹೇಳುತ್ತೇನೆ.

ಮಣ್ಣೂ ಬಿಸಿಲೂ ಎರಡೂ ಇದ್ದರೆ ಗರಿಕೆಯನ್ನೇ ಬೆಳೆಸಿ. ಮೂತ್ರ ಬಿದ್ದಲ್ಲಿ ಹಳದಿಯಾಗುತ್ತದೆ ನಿಜ, ಆದರೆ ತಕ್ಷಣ ನೀರು ಸುರಿದರೆ ಎಷ್ಟೋ ಕಡಿಮೆಯಾಗುತ್ತದೆ. ಕೃತಕ ಹುಲ್ಲಿಗೆ ಅರ್ಥ ಬರುವುದು ಬೇರೆ ಜಾಗಗಳಲ್ಲಿ. ಬೆಂಗಳೂರಿನ 30x40 ಅಡಿ ಸೈಟಿನಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಉಳಿಯುವ ನೆರಳಿನ ಪಟ್ಟಿ, ಅಪಾರ್ಟ್‌ಮೆಂಟಿನ ಬಾಲ್ಕನಿ, ಅರ್ಧ ಮುಚ್ಚಿದ ಟೆರೇಸ್, ಇಂಥ ಕಡೆ ಗರಿಕೆ ಹಾಕಿದರೂ ಬರೋದಿಲ್ಲ, ಅಲ್ವಾ.

ಈಗ ಬೆನ್ನಿನ ವಿಷಯ. ಅಗ್ಗದ ಹುಲ್ಲಿನ ಹಿಂದೆ ಲ್ಯಾಟೆಕ್ಸ್ ಬಳಿದು ಅಲ್ಲಲ್ಲಿ ತೂತು ಹೊಡೆದಿರುತ್ತಾರೆ. ಮಳೆ ನೀರಿಗೆ ಅದು ಸಾಕು. ಮೂತ್ರ ಸಾಕಷ್ಟು ಇರೋದಿಲ್ಲ, ತೂತಿನ ತನಕ ಹರಿಯದೆ ನಡುವೆಯೇ ನಿಂತು ಒಣಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಮೂಗಿಗೆ ರಪ್ಪನೆ ಹೊಡೆಯುವ ವಾಸನೆ ಅದರದ್ದೇ. ಹಾಗಾಗಿ ಇಡೀ ಬೆನ್ನಿನ ಮೂಲಕ ನೀರು ಇಳಿಯುವ ಮಾದರಿ ಕೇಳಿ, ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಪರೀಕ್ಷೆ ಸುಲಭ. ಸ್ಯಾಂಪಲ್ಲನ್ನು ಬಕೆಟ್ ಮೇಲೆ ಹಿಡಿದು, ತೂತುಗಳ ನಡುವಿನ ಜಾಗಕ್ಕೆ ಒಂದು ಲೋಟ ನೀರನ್ನು ನಿಧಾನಕ್ಕೆ ಸುರಿಯಿರಿ. ನೇರ ಕೆಳಗೆ ಬಿದ್ದರೆ ಒಳ್ಳೆಯದು. ಮೇಲೆ ನಿಂತರೆ, ಅಂಚಿನಿಂದ ಹರಿದರೆ, ವಾಪಸ್ ಕೊಡಿ.

ಎಳೆ ಪಾಲಿಎಥಿಲೀನ್‌ನದ್ದಾಗಿರಲಿ. ಪಾಲಿಪ್ರೊಪಿಲೀನ್ ಅಗ್ಗ, ಬೇಗ ಮಲಗಿಬಿಡುತ್ತದೆ. ನೈಲಾನ್ ಗಟ್ಟಿ, ಆದರೆ ನೀರು ಹೀರುತ್ತದೆ, ಮೂತ್ರವನ್ನೂ ಹೀರುತ್ತದೆ. ಉದ್ದ 25ರಿಂದ 35 ಮಿಲಿಮೀಟರ್ ಸಾಕು. 50 ಮಿಲಿಮೀಟರಿನದು ಫೋಟೋದಲ್ಲಿ ಚೆಂದ, ಮಲ ತೆಗೆಯುವಾಗ ಕಷ್ಟ. ಬುಡದಲ್ಲಿ ಸುರುಳಿ ಸುರುಳಿಯಾದ ಕಂದು ಎಳೆಗಳಿರುತ್ತವೆ, ಕೂದಲು ಸಿಕ್ಕಿಕೊಳ್ಳುವುದು ಅದರಲ್ಲೇ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದಷ್ಟು ಎಳೆ ಹಿಡಿದು ಜೋರಾಗಿ ಎಳೆಯಿರಿ, ಕಿತ್ತು ಬಂದರೆ ನಾಯಿಯ ಹಲ್ಲಿಗೂ ಬರುತ್ತದೆ. ಸೀಸ ಇಲ್ಲ ಅನ್ನುವ ಪರೀಕ್ಷಾ ವರದಿಯನ್ನೂ ಕೇಳಿ. 2008ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹಳೆಯ ನೈಲಾನ್ ಮೈದಾನಗಳ ಎಳೆಗಳಲ್ಲಿ ಸೀಸ ಸಿಕ್ಕಿತ್ತು. ನಾಯಿ ಪಾದ ನೆಕ್ಕುವ ಪ್ರಾಣಿ, ಆದ್ದರಿಂದ ಈ ಕಾಗದ ಕೇಳೋಕೆ ಸಂಕೋಚ ಬೇಡ.

ಎಳೆಗಳ ನಡುವೆ ತುಂಬುವ ಕರಿ ರಬ್ಬರ್ ಪುಡಿ ನಾಯಿ ಮನೆಗೆ ಬೇಡವೇ ಬೇಡ. ಕಾಯುತ್ತದೆ, ನಾತ ಬರುತ್ತದೆ, ಬಾಯಿಗೂ ಹೋಗುತ್ತದೆ. ಅದರ ಬದಲು ಜಿಯೋಲೈಟ್ ಅನ್ನುವ ಖನಿಜದ ಹರಳು ಹಾಕಿಸಿ, ಅದು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದಕ್ಕೂ ಮಿತಿಯಿದೆ. ತೊಳೆಯದೆ ಬಿಟ್ಟರೆ ತುಂಬಿಹೋಗುತ್ತದೆ. ಬಾಲ್ಕನಿಗಾದರೆ ಏನೂ ತುಂಬದ ಗಿಡ್ಡ ಹುಲ್ಲೇ ಸಾಕು.

ತಳಪಾಯಕ್ಕೆ ಹಣ ಉಳಿಸಬೇಡಿ. ಮಣ್ಣಿನ ಮೇಲಾದರೆ ಮೂರು ನಾಲ್ಕು ಇಂಚು ಅಗೆದು, ಜಲ್ಲಿ ಹಾಕಿ ದಮ್ಮಸ್ ಮಾಡಿಸಿ, ಒಂದು ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರು ಕೊಡಿಸಿ. ಟೆರೇಸಿನಲ್ಲಿ ನೇರ ಕಾಂಕ್ರೀಟಿನ ಮೇಲೆ ಹಾಸಬೇಡಿ. ಕೆಳಗೆ ನೀರು ಹರಿಯುವ ಪ್ಲಾಸ್ಟಿಕ್ ಜಾಲರಿ ಹಲಗೆ ಇರಲಿ, ವಾಟರ್‌ಪ್ರೂಫಿಂಗ್ ಅದಕ್ಕೂ ಮುಂಚೆ ಮುಗಿದಿರಲಿ. ಮಂಗಳೂರು, ಉಡುಪಿ ಕಡೆಯ ಮಳೆಗೆ ಪಾಚಿ ಕಟ್ಟುತ್ತದೆ, ಅಲ್ಲಿ ಅಂಟು ಹಾಕದೆ, ಎತ್ತಿ ಒಣಗಿಸುವ ಹಾಗೆ ತುಂಡುಗಳಾಗಿ ಹಾಸುವುದೇ ಸರಿ. ಅಂಚುಗಳನ್ನು ಮಾತ್ರ ಭದ್ರ ಮಾಡಿಸಿ. ನಾಯಿ ಕೆರೆಯಲು ಶುರುಮಾಡುವುದು ಮೂಲೆಯಿಂದ. ರಕ್ತ ಹೀರುವ ಉಣ್ಣಿಗಳು ಬಚ್ಚಿಟ್ಟುಕೊಳ್ಳುವುದೂ ಇಂಥ ಸಂದುಗಳಲ್ಲೇ, ಪ್ಲಾಸ್ಟಿಕ್ ಹುಲ್ಲು ಅಂತ ಉಣ್ಣಿ ಔಷಧಿ ನಿಲ್ಲಿಸಬೇಡಿ.

ಹಾಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಂಡರೆ ಹುಲ್ಲು ಹಾಳು, ನಾಯಿಗೂ ಹಿಂಸೆ. ಮಲ ಆಗಲೇ ತೆಗೆಯಬೇಕು, ಮೂತ್ರದ ಜಾಗಕ್ಕೆ ದಿನಾ ನೀರು ಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿರಬಹುದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರು, ಹಿಡಿದಿಟ್ಟ ಮಳೆ ನೀರು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆಗಾಗ ಎನ್ಜೈಮ್ ಇರುವ ಕ್ಲೀನರ್ ಹಾಕಿ. ಬ್ಲೀಚಿಂಗ್ ಪೌಡರ್ ಬೇಡ, ಮೂತ್ರದ ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಹುಟ್ಟುತ್ತದೆ. ಫಿನಾಯಿಲ್ ಕೂಡ ಬೇಡ, ಪಾದಕ್ಕೆ ಅಂಟಿದ್ದೆಲ್ಲ ಕೊನೆಗೆ ಹೊಟ್ಟೆಗೇ ಹೋಗುತ್ತದೆ.

ಮನೆಯಲ್ಲಿ ಮರಿ ಇದ್ದರೆ ಹಲ್ಲು ಬದಲಾಗುವ ಏಳು ತಿಂಗಳ ತನಕ ಕಾಯಿರಿ. ಕಿತ್ತು ನುಂಗಿದ ಎಳೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು. ವಾಂತಿ ಶುರುವಾಗಿ ಊಟ ಬಿಟ್ಟರೆ ಕಾಯದೆ ವೈದ್ಯರ ಹತ್ತಿರ ಹೋಗಿ. ದೊಡ್ಡ ನಾಯಿಯಾದರೂ ಇಡೀ ಅಂಗಳಕ್ಕೆ ಒಮ್ಮೆಲೇ ಆರ್ಡರ್ ಕೊಡಬೇಡಿ. ಒಂದು ತುಂಡು ತಂದು ನಾಯಿ ಹೋಗುವ ಮೂಲೆಗೆ ಹಾಸಿ, ಒಂದು ತಿಂಗಳು ತೊಳೆಯುತ್ತಾ ಇರಿ. ಆಮೇಲೆ ಒಂದು ಬಿರುಬಿಸಿಲಿನ ಮಧ್ಯಾಹ್ನ ಅದರ ಹತ್ತಿರ ಬಗ್ಗಿ ಮೂಸಿ ನೋಡಿ. ವಾಸನೆ ಬಂದರೆ ಬೆನ್ನು ಇಲ್ಲವೇ ತಳಪಾಯ ಸರಿಯಿಲ್ಲ. ಅದನ್ನು ಸರಿಪಡಿಸಿಯೇ ಉಳಿದದ್ದನ್ನು ಕೊಳ್ಳಿ.