ಕೊಡಗಿನಲ್ಲಿ ಟೆಂಟ್ ಹಾಕುವ ಮೊದಲು ನೆಲದ ಮೇಲೆ ಮಲಗಿ ನೋಡಿ

ನಮ್ಮ ಮನೆಯ ಹಿಂದಿನ ಬಾಣೆಯಲ್ಲಿ, ಅಂದರೆ ಗದ್ದೆಯ ಮೇಲಿನ ಹುಲ್ಲು ಗುಡ್ಡದಲ್ಲಿ, ಟೆಂಟ್ ಹಾಕಲು ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಮೈಸೂರಿನ ನೆಂಟರು, ಬೆಂಗಳೂರಿನ ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು. ಕಾರಿನಿಂದ ಇಳಿದವರು ಸೀದಾ ಬಾಣೆಯ ಅಂಚಿಗೆ ನಡೆಯುತ್ತಾರೆ. ಕೆಳಗೆ ಗದ್ದೆ, ಆಚೆ ಬೆಟ್ಟ, ನಡುವೆ ಮಂಜು. ‘ಇಲ್ಲೇ ಹಾಕೋಣ’ ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಅದೇ ಜನ ಒದ್ದೆ ಕಂಬಳಿ ಹೊತ್ತು ನಮ್ಮ ಜಗಲಿಯಲ್ಲಿ ನಿಂತಿರುತ್ತಾರೆ. ಮಕ್ಕಳು ನಡುಗುತ್ತಿರುತ್ತವೆ. ಅದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಒಳ್ಳೆ ನೋಟ ಎಲ್ಲಿ ನಿಂತರೂ ಸಿಗುತ್ತದೆ. ಮಲಗಲು ಒಳ್ಳೆ ನೆಲ ಮಾತ್ರ ಹುಡುಕಿದರೇ ಸಿಗುವುದು.

ತಿಂಗಳು ಮತ್ತು ಗಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟ್ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜಾರಿದ್ದನ್ನು ಕಂಡವರು ಮಳೆಗಾಲದಲ್ಲಿ ಯಾರಿಗೂ ಹೊರಗೆ ಮಲಗಿ ಅನ್ನುವುದಿಲ್ಲ. ಮಳೆ ನೋಡಬೇಕು ಅನ್ನುವ ಆಸೆ ಇದ್ದರೆ ಹೋಂಸ್ಟೇ ಹಿಡಿಯಿರಿ. ಟೆಂಟ್‌ಗೆ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಸರಿ. ಆದರೆ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟುಬಿಡಿ, ರಸ್ತೆಯಲ್ಲೇ ಅರ್ಧ ರಜೆ ಮುಗಿಯುತ್ತದೆ. ಕಾಫಿ ಹೂ ನೋಡಬೇಕಾದರೆ ಮಾರ್ಚ್. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮೊದಲ ಮಳೆ, ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ. ಮೂರ್ನಾಲ್ಕು ದಿನ ಅಷ್ಟೇ. ತೋಟದವರಿಗೆ ಮೊದಲೇ ಹೇಳಿಟ್ಟು, ಅವರು ಫೋನ್ ಮಾಡಿದ ದಿನ ಹೊರಡಿ.

ಕ್ಯಾರವಾನ್ ಬಾಡಿಗೆಗೆ ತರುತ್ತೇವೆ ಅನ್ನುವವರೂ ಈಗ ಜಾಸ್ತಿ. ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪದವರೆಗೆ ಆರಾಮಾಗಿ ಬರಬಹುದು. ಅಲ್ಲಿಂದ ತೋಟದ ರಸ್ತೆಗೆ ತಿರುಗಿದ ಮೇಲೆ ಕಷ್ಟ ಶುರು. ಎದುರಿಗೆ ಜೀಪ್ ಬಂದರೆ ಯಾರಾದರೊಬ್ಬರು ಅರ್ಧ ಕಿಲೋಮೀಟರ್ ರಿವರ್ಸ್ ಹೋಗಬೇಕು. ತಗ್ಗಾಗಿ ಹಾದ ಕರೆಂಟ್ ತಂತಿ ಇರುತ್ತದೆ, ಬಾಗಿದ ಕೊಂಬೆ ಇರುತ್ತದೆ. ಗಾಡಿಯ ಎತ್ತರ, ಅಗಲ ಎರಡನ್ನೂ ತೋಟದವರಿಗೆ ತಿಳಿಸಿ, ಗೇಟ್ ಅಳೆಯಲು ಹೇಳಿ, ಆಮೇಲೆ ಮುಂಗಡ ಕಟ್ಟಿ. ನಾಲ್ಕೇ ಜನ ಇದ್ದರೆ ಕಾರು ಮತ್ತು ಟೆಂಟ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾರ ಜಾಗ ಅಂತ ಕೇಳಿ

ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ. ಅದರ ತುದಿಯಲ್ಲಿ ಟೆಂಟ್ ಹಾಕುವ ಕನಸು ಬಹಳ ಜನರಿಗಿದೆ. ಅದನ್ನು ಬಿಡಿ. ಇಲಾಖೆಯ ಅನುಮತಿ ಪಡೆದು ಬೆಳಗ್ಗೆ ಹತ್ತಿ, ಬೆಳಕಿರುವಾಗಲೇ ಇಳಿಯಿರಿ. ಬೆಟ್ಟದ ಬುಡದಲ್ಲಿ 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ, ಅದನ್ನೂ ನೋಡಿ. ರಾತ್ರಿ ಮಲಗುವುದು ಕಕ್ಕಬ್ಬೆ ಕಡೆಯ ಯಾವುದಾದರೂ ತೋಟದಲ್ಲಿ ಆಗಲಿ.

ಖಾಲಿ ಕಂಡ ಹುಲ್ಲಿನ ಬಾಣೆಗೂ ಒಡೆಯರು ಇದ್ದಾರೆ. ಮರಗಳು ದಟ್ಟವಾಗಿ ನಿಂತ ಸಣ್ಣ ಕಾಡೊಂದು ಊರ ಮಧ್ಯೆ ಕಂಡರೆ ಅದು ದೇವರ ಕಾಡು. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇವೆ. ಅಲ್ಲಿ ಸೌದೆ ಮುರಿಯುವುದೂ ತಪ್ಪು, ಉಳಿಯುವ ಮಾತು ಬಿಡಿ.

ಫೋನ್‌ನಲ್ಲಿ ಬಾಡಿಗೆ ಕೇಳುವ ಮೊದಲು ಆನೆ ಬಗ್ಗೆ ಕೇಳಿ. ‘ಈ ವಾರ ಆನೆ ಬಂದಿತ್ತಾ? ಯಾವ ಕಡೆಯಿಂದ?’ ಒಳ್ಳೆ ತೋಟದವರು ಮುಚ್ಚಿಡುವುದಿಲ್ಲ. ಗದ್ದೆಯಲ್ಲಿ ಭತ್ತ ಮಾಗುವಾಗ, ತೋಟದಲ್ಲಿ ಹಲಸು ಹಣ್ಣಾಗುವಾಗ ಆನೆ ಬಂದೇ ಬರುತ್ತದೆ. ಬೇಲಿ ಮುರಿದ ಜಾಗ, ಹಸಿ ಲದ್ದಿ ಕಂಡರೆ ಅದು ಅದರ ದಾರಿ. ಅಂಥ ಕಡೆ ಟೆಂಟ್ ಬೇಡ. ಮನೆಯ ದೀಪ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಹಾಕಿ. ಕತ್ತಲಾದ ಮೇಲೆ ತೋಟದಲ್ಲಿ ತಿರುಗಾಡಬೇಡಿ.

ನೆಲ ಆರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಸಂಜೆ ನಾಲ್ಕು ಗಂಟೆಯೊಳಗೆ ಜಾಗ ಮುಟ್ಟಿರಬೇಕು. ಟಾರ್ಚ್ ಬೆಳಕಿನಲ್ಲಿ ನೆಲದ ಇಳಿಜಾರು ಗೊತ್ತಾಗುವುದಿಲ್ಲ.

ಮೊದಲು ಬೇಡದ ಜಾಗಗಳನ್ನು ನೋಡಿಕೊಳ್ಳಿ. ಗದ್ದೆ ಬಯಲು ಸಮತಟ್ಟಾಗಿ, ಚೆಂದವಾಗಿ ಕಾಣುತ್ತದೆ. ಆದರೆ ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ನಿಲ್ಲುವುದು ಅಲ್ಲೇ, ಇಬ್ಬನಿ ಜಾಸ್ತಿ ಬೀಳುವುದೂ ಅಲ್ಲೇ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 10-12 ಡಿಗ್ರಿಗೆ ಇಳಿಯುವುದುಂಟು. ಗದ್ದೆಗಿಂತ ಇಪ್ಪತ್ತು ಅಡಿ ಮೇಲೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೆಟ್ಟದ ನೆತ್ತಿ ಬೇಡ, ಅಲ್ಲಿ ಗಾಳಿ. ತೋಡಿನ (ಸಣ್ಣ ಹಳ್ಳದ) ದಡ ಬೇಡ. ನಿಮ್ಮ ತಲೆ ಮೇಲೆ ಹನಿ ಬೀಳದಿದ್ದರೂ ಮೇಲೆಲ್ಲೋ ಮಳೆ ಸುರಿದು ತೋಡು ತುಂಬಿ ಬರುತ್ತದೆ. ಜೆಸಿಬಿಯಲ್ಲಿ ಹೊಸದಾಗಿ ಕೊರೆದ ಬರೆಯ (ಕಡಿದಾದ ಮಣ್ಣಿನ ಗೋಡೆಯ) ಕೆಳಗಂತೂ ಬೇಡವೇ ಬೇಡ. ಸಿಲ್ವರ್ ಓಕ್ ಮರದ ಅಡಿಯೂ ಬೇಡ. ಅದರ ಕೊಂಬೆ ಸಣ್ಣ ಗಾಳಿಗೂ ಲಟಕ್ಕನೆ ಮುರಿಯುತ್ತದೆ. ಕಾಫಿ ಒಣಗಿಸುವ ಕಣ ನೋಡಿ ಕೆಲವರು ಖುಷಿಪಡುತ್ತಾರೆ. ಸಿಮೆಂಟ್ ನೆಲದಲ್ಲಿ ಗೂಟ ಹೊಡೆಯುವುದು ಹೇಗೆ? ಕುಯ್ಲಿನ ಕಾಲದಲ್ಲಿ ಆ ಜಾಗ ತೋಟದವರಿಗೇ ಸಾಲದು. ಮಾರ್ಚ್‌ನಲ್ಲಿ ಬಂದರೆ ಸ್ಪ್ರಿಂಕ್ಲರ್ ಎಲ್ಲಿ ಹಾರುತ್ತದೆ ಅಂತಲೂ ಕೇಳಿಕೊಳ್ಳಿ.

ಇಳಿಜಾರಿನ ಅರ್ಧದಲ್ಲಿ, ಗಟ್ಟಿ ಮಣ್ಣಿನ ಮೇಲೆ ಗಿಡ್ಡ ಹುಲ್ಲಿರುವ ಸಣ್ಣ ತಟ್ಟು ಸಿಕ್ಕರೆ ಅದೇ ನಿಮ್ಮ ಜಾಗ. ಅಲ್ಲಿ ಹೆಬ್ಬೆರಳು ಒತ್ತಿ ನೋಡಿ. ನೀರು ಒಸರಿದರೆ ಮುಂದೆ ಹೋಗಿ. ಒಣ ಎಲೆಗಳು ಒಂದೇ ಸಾಲಾಗಿ ಗುಡ್ಡೆಯಾಗಿದ್ದರೆ ಅದು ನೀರು ಹರಿದ ದಾರಿ, ಮತ್ತೆ ಮಳೆ ಬಂದರೆ ನೀರು ಅಲ್ಲೇ ಹರಿಯುತ್ತದೆ. ಕಲ್ಲು, ಕಡ್ಡಿ ಆರಿಸಿ ತೆಗೆದು ಅಲ್ಲೇ ಐದು ನಿಮಿಷ ಅಂಗಾತ ಮಲಗಿ. ನಾಚಿಕೊಳ್ಳಬೇಡಿ. ನಿಂತಾಗ ಸಮ ಅನ್ನಿಸಿದ ನೆಲ ಮಲಗಿದಾಗ ಎತ್ತ ಜಾರುತ್ತದೆ ಅಂತ ಬೆನ್ನಿಗೆ ಗೊತ್ತಾಗುತ್ತದೆ. ತಲೆ ಎತ್ತರದ ಕಡೆಗೆ ಬರುವ ಹಾಗೆ ಟೆಂಟ್ ತಿರುಗಿಸಿ. ಪಕ್ಕಕ್ಕೆ ಜಾರುವ ನೆಲದಲ್ಲಿ ರಾತ್ರಿಯಿಡೀ ಒಬ್ಬರ ಮೇಲೊಬ್ಬರು ಬೀಳುತ್ತೀರಿ.

ಟೆಂಟ್ ಹಾಕುವುದು

ಕೆಳಗೆ ಹಾಸುವ ಟಾರ್ಪಾಲ್ ಟೆಂಟ್‌ನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ದೊಡ್ಡದಿದ್ದರೆ ಒಳ್ಳೆಯದು ಅಂದುಕೊಂಡು ಎಲ್ಲರೂ ಹೊರಗೆ ಚಾಚಿಸುತ್ತಾರೆ. ಕಳೆದ ನವೆಂಬರ್‌ನಲ್ಲಿ ಬಂದ ಒಂದು ಕುಟುಂಬ ಸುತ್ತಲೂ ಒಂದೊಂದು ಅಡಿ ಚಾಚಿಸಿತ್ತು. ರಾತ್ರಿ ಸಣ್ಣ ಮಳೆ ಬಂತು. ಟೆಂಟ್‌ನ ಮೇಲಿಂದ ಇಳಿದ ನೀರೆಲ್ಲ ಆ ಚಾಚಿದ ಟಾರ್ಪಾಲ್ ಮೇಲೆ ಬಿದ್ದು ಸೀದಾ ಅಡಿಗೆ ನುಗ್ಗಿತು. ಬೆಳಗ್ಗೆ ಟೆಂಟ್ ಎತ್ತಿದಾಗ ಕೆಳಗೆ ಒಂದು ತಟ್ಟೆಯಷ್ಟು ಆಳಕ್ಕೆ ನೀರು ನಿಂತಿತ್ತು. ಅದರಲ್ಲಿ ಒಂದು ಕಪ್ಪೆ. ಜಾಸ್ತಿ ಇದ್ದದ್ದನ್ನು ಒಳಕ್ಕೆ, ಕೆಳಮುಖವಾಗಿ ಮಡಚಿ. ಇಷ್ಟು ಮಾಡಿದರೆ ಅರ್ಧ ತೊಂದರೆ ತಪ್ಪಿತು.

ಟೆಂಟ್ ಚೀಲದೊಳಗೆ ಬರುವ ತಂತಿಯಂಥ ಗೂಟಗಳನ್ನು ನಂಬಬೇಡಿ. ನಮ್ಮ ಎಲೆ ಕೊಳೆತ ಮೆತ್ತನೆ ಮಣ್ಣಿನಲ್ಲಿ ಅವು ನಿಲ್ಲುವುದಿಲ್ಲ. ಒಂಬತ್ತು-ಹತ್ತು ಇಂಚಿನ ಗಟ್ಟಿ ಗೂಟ ತನ್ನಿ, ಅಥವಾ ತೋಟದವರನ್ನು ಕೇಳಿ ಬಿದಿರಿನದು ಕೆತ್ತಿಸಿಕೊಳ್ಳಿ. ಗೂಟದ ತಲೆ ಟೆಂಟ್‌ನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟ್ ಕಡೆಗೆ. ಒಳಗೆ ವಾಲಿಸಿದರೆ ಹಗ್ಗ ಎಳೆದಂತೆ ಮೇಲೆ ಎದ್ದು ಬರುತ್ತದೆ. ಹಗ್ಗವನ್ನು ಕಾಫಿ ಗಿಡಕ್ಕಾಗಲಿ, ಕರಿಮೆಣಸಿನ ಬಳ್ಳಿ ಹಬ್ಬಿದ ಮರಕ್ಕಾಗಲಿ ಕಟ್ಟಬೇಡಿ. ಬಳ್ಳಿ ಕಿತ್ತರೆ ಮತ್ತೆ ಅಷ್ಟಾಗಲು ಎಷ್ಟೋ ವರ್ಷ ಬೇಕು.

ಗಾಳಿ ಬರುವ ಕಡೆಗೆ ಬಾಗಿಲು ಬೇಡ. ಒಣ ಎಲೆ ಪುಡಿ ಮಾಡಿ ಮೇಲಿಂದ ಬಿಟ್ಟು ನೋಡಿ, ದಿಕ್ಕು ತಿಳಿಯುತ್ತದೆ. ಇಬ್ಬನಿಗೆ ಬಟ್ಟೆ ಹಿಗ್ಗಿ ಸಡಿಲವಾಗುತ್ತದೆ. ಮಲಗುವ ಮೊದಲು ಒಂದು ಸುತ್ತು ಬಂದು ಹಗ್ಗ ಬಿಗಿ ಮಾಡಿ. ಹೊರ ಹೊದಿಕೆ ಒಳಬಟ್ಟೆಗೆ ತಾಗಬಾರದು, ತಾಗಿದ ಕಡೆ ನೀರು ಒಳಗೆ ಇಳಿಯುತ್ತದೆ. ಚಳಿ ಅಂತ ಗಾಳಿಕಿಂಡಿ ಮುಚ್ಚಬೇಡಿ. ಬೆಳಗ್ಗೆ ಒಳಗೆ ನೀರು ತೊಟ್ಟಿಕ್ಕಿದರೆ ಟೆಂಟ್ ಸೋರುತ್ತಿದೆ ಅನ್ನುತ್ತಾರೆ. ಬಹಳ ಸಲ ಅದು ರಾತ್ರಿಯಿಡೀ ಬಿಟ್ಟ ಉಸಿರು, ತಣ್ಣನೆ ಬಟ್ಟೆಗೆ ತಾಗಿ ನೀರಾಗಿದೆ ಅಷ್ಟೇ.

ಟೆಂಟ್ ಕೊಳ್ಳುವವರಿಗೆ ಒಂದು ಮಾತು. ಎಸೆದರೆ ತಾನೇ ತೆರೆದುಕೊಳ್ಳುವ ಅಗ್ಗದ ಟೆಂಟ್ ಬೇಡ. ಅದರ ಹೊದಿಕೆ ಟೋಪಿಯ ಹಾಗೆ ನೆತ್ತಿಯನ್ನಷ್ಟೇ ಮುಚ್ಚುತ್ತದೆ. ಹೊದಿಕೆ ನೆಲದ ಹತ್ತಿರದವರೆಗೆ ಇಳಿದಿರಬೇಕು, ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ 3,000 ಮಿ.ಮೀ. ಅಂತ ಬರೆದಿರಬೇಕು. ಸುಮ್ನೆ ‘ವಾಟರ್‌ಪ್ರೂಫ್’ ಅಂತ ಬರೆದಿದ್ದರೆ ಸಾಲದು. ಮನೆಯಲ್ಲೇ ಒಮ್ಮೆ ಕಟ್ಟಿ, ಪೈಪ್‌ನಲ್ಲಿ ಕಾಲು ಗಂಟೆ ನೀರು ಬಿಟ್ಟು ನೋಡಿ.

ಉಳಿದದ್ದು

ಚಳಿಗೆ ಮೇಲಿನ ಕಂಬಳಿಗಿಂತ ಕೆಳಗಿನ ಹಾಸಿಗೆ ಮುಖ್ಯ. ಗಾಳಿ ತುಂಬುವ ಹಾಸಿಗೆ ರಾತ್ರಿ ಮಂಜುಗಡ್ಡೆಯ ಹಾಗಾಗುತ್ತದೆ. ದಪ್ಪ ಫೋಮ್ ಚಾಪೆ ತನ್ನಿ.

ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಮಲಗುವುದು ಸಾವನ್ನು ಕರೆದ ಹಾಗೆ, ಅದರ ವಿಷಗಾಳಿಗೆ ವಾಸನೆ ಇಲ್ಲ. ಹೊರಗೆ ಬೆಂಕಿ ಹಾಕುವುದಾದರೂ ತೋಟದವರು ತೋರಿಸಿದ ಕಡೆ ಮಾತ್ರ. ಫೆಬ್ರವರಿಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಅಡುಗೆಗೆ ದೊಡ್ಡ ಯೋಜನೆ ಬೇಡ. ಒಂದು ಹೊತ್ತು ತೋಟದ ಮನೆಯಲ್ಲೇ ಊಟ ಹೇಳಿ. ಬಿಸಿ ಕಡಂಬುಟ್ಟು (ಅಕ್ಕಿಯ ಉಂಡೆ), ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕಿದ ಪಂದಿ ಕರಿ (ಹಂದಿ ಮಾಂಸದ ಸಾರು) ಅಥವಾ ತರಕಾರಿ ಸಾರು ತಿಂದು ಮಲಗಿದರೆ ಚಳಿ ಅರ್ಧ ಕಡಿಮೆ.

ಮಳೆ ಬಿದ್ದಿದ್ದರೆ ಜಿಗಣೆ ಇದ್ದೇ ಇರುತ್ತದೆ. ಕಿತ್ತೆಳೆಯಬೇಡಿ, ಉಗುರಿನಿಂದ ಮೆಲ್ಲಗೆ ಬದಿಗೆ ಸರಿಸಿ. ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರು ಸವರಿಕೊಂಡರೆ ಹತ್ತುವುದು ಕಡಿಮೆ.

ಕುಟ್ಟ ಕಡೆಗೆ ನಾಗರಹೊಳೆ ಕಾಡಿನ ರಸ್ತೆಯಲ್ಲಿ ಬರುವವರು ನೆನಪಿಡಿ, ಸಂಜೆ 6ಕ್ಕೆ ಗೇಟ್ ಮುಚ್ಚುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತೋಟದೊಳಗೆ ಸಿಗ್ನಲ್ ಸಿಗದ ಜಾಗ ಬೇಕಾದಷ್ಟಿವೆ.

ಹೊರಡುವ ಬೆಳಗ್ಗೆ ಟೆಂಟ್ ಒದ್ದೆ ಇರುತ್ತದೆ. ಬಿಸಿಲಿಗೆ ಕಾಯಲು ಹೊತ್ತಿಲ್ಲದಿದ್ದರೆ ಹಾಗೇ ಮಡಚಿ, ಆದರೆ ಮನೆ ಮುಟ್ಟಿದ ದಿನವೇ ಬಿಚ್ಚಿ ಒಣಹಾಕಿ. ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಗೂಟಗಳನ್ನು ಎಣಿಸಿಕೊಂಡೇ ಚೀಲಕ್ಕೆ ಹಾಕಿ. 12 ತಂದಿದ್ದರೆ 12 ವಾಪಸ್ ಹೋಗಬೇಕು. ಹೋದ ವರ್ಷ ಯಾರೋ ಬಿಟ್ಟುಹೋದ ಒಂದು ಗೂಟ ಹುಲ್ಲಿನಡಿ ಮರೆಯಾಗಿತ್ತು. ಕಳೆ ಹೊಡೆಯುವಾಗ ಮೆಷಿನ್‌ನ ಬ್ಲೇಡ್‌ಗೆ ಸಿಕ್ಕಿ ಚಿಮ್ಮಿತು. ಹೊಡೆಯುತ್ತಿದ್ದ ಹುಡುಗನ ಗಂಬೂಟಿನಲ್ಲಿ ಆ ಗುರುತು ಇನ್ನೂ ಇದೆ.